ಮೆಡಿಕಲ್ ಅಂಗಡಿಗೆ ಹುಡುಗರನ್ನ ಇಟ್ಕೋಳೋದು ಹ್ಯಾಂಗ? ರಾಯಚೂರು ಕಡಿಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಹೊಸದಾಗಿ ಮೆಡಿಕಲ್ ತೆಗಿಯೋವ್ರು ನನ್ನ ಹತ್ರ ಬಂದ್ರ ಮೊದ್ಲು ಕೇಳೋದು ರ‍್ಯಾಕ್ ಎಷ್ಟು ಬೇಕು, ಎಸಿ ಹಾಕಿಸ್ಬೇಕಾ, ಸ್ಟಾಕಿಸ್ಟ್ (ಹೋಲ್‌ಸೇಲ್ ಔಷಧಿ ವ್ಯಾಪಾರಿ) ಎಷ್ಟು ದಿನ ಉದ್ರಿ ಕೊಡ್ತಾನ, ಇಂಥವು. ಹುಡುಗರ ವಿಷಯ ಕಡೀಗೆ ಬರ್ತದ, ಅದೂ ಬಾಗಿಲ್ದಾಗ ನಿಂತು ಚಪ್ಪಲ್ ಹಾಕ್ಕೊಳ್ಳುವಾಗ, "ಸರ್ ಒಬ್ಬ ಹುಡುಗ ಇದ್ರ ಹೇಳ್ರಿ" ಅಂತ. ನಾ ಫಾರ್ಮಾಸಿಸ್ಟ್, ರಾಯಚೂರಾಗ ಅಂಗಡಿ ನಡಸ್ತೀನಿ, ಹುಡುಗರನ್ನ ಇಟ್ಕೊಂಡೀನಿ, ಕಲಿಸೀನಿ, ನನ್ನ ತಪ್ಪಿನಿಂದ ಒಬ್ಬ ಅಜ್ಜಗ ತೊಂದ್ರಿನೂ ಆಗ್ಯದ, ಅದನ್ನ ಕೆಳಗ ಬರ್ದೀನಿ. ಸಿಂಧನೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡಿಂದ ಫೋನ್ ಮಾಡಿ ಕೇಳಿದ್ದನ್ನೇ ಕೇಳ್ತಾರ, ಅದಕ್ಕ ಎಲ್ಲಾ ಒಂದೇ ಕಡೆ ಹಾಕೀನಿ.

ಸಪೋರ್ಟ್ ಸ್ಟಾಫ್ ಅಂದ್ರ ಯಾರ್ಯಾರು?

ಫಾರ್ಮಾಸಿಸ್ಟ್ ಬಿಟ್ಟು ಅಂಗಡ್ಯಾಗ ಕೆಲಸ ಮಾಡೋ ಎಲ್ಲರೂ. ಕೌಂಟರ್‌ದಾಗ ಚೀಟಿ ಇಸ್ಕೊಂಡು ರ‍್ಯಾಕ್‌ನಿಂದ ಔಷಧಿ ತೆಗೆದುಕೊಡೋವ, ಬಿಲ್ ಹೊಡಿಯೋವ್ರು, ಸ್ಟಾಕ್ ಬಂದಾಗ ಡಬ್ಬಿ ಬಿಚ್ಚಿ ಬ್ಯಾಚು ಎಕ್ಸ್‌ಪೈರಿ ಟ್ಯಾಲಿ ಮಾಡೋವ, ಮನಿಗೆ ಔಷಧಿ ಮುಟ್ಟಿಸೋ ಡೆಲಿವರಿ ಹುಡುಗ, ಕಸ ಹೊಡದು ಒರಸೋವ್ರು. ಸಣ್ಣ ಅಂಗಡ್ಯಾಗ ಇದೆಲ್ಲಾ ಒಬ್ಬನೇ ಮಾಡ್ತಾನ. ದೊಡ್ಡ ದವಾಖಾನಿ ಮುಂದಿನ ಅಂಗಡಿ ಆದ್ರ ನಾಕೈದು ಮಂದಿ ಬೇಕಾಗ್ತಾರ.

ಫಾರ್ಮಾಸಿಸ್ಟ್ ಒಬ್ರು ಇದ್ದ ಮ್ಯಾಲ ಹುಡುಗ ಗುಳಿಗಿ ಕೊಟ್ರ ಏನಾಗ್ತದ?

ಎಲ್ಲಕ್ಕಿಂತ ಹೆಚ್ಚು ಕೇಳೋ ಪ್ರಶ್ನೆ ಇದು, ಅದಕ್ಕ ಉದ್ದ ಬರೀತೀನಿ. 1948ರ ಫಾರ್ಮಸಿ ಕಾಯ್ದೆದ 42ನೇ ಸೆಕ್ಷನ್ ಪ್ರಕಾರ ಡಾಕ್ಟರ್ ಚೀಟಿ ಮ್ಯಾಲ ಔಷಧಿ ಕೊಡೋದು ರಿಜಿಸ್ಟರ್ಡ್ ಫಾರ್ಮಾಸಿಸ್ಟ್‌ನ ಕೆಲಸ, ಬ್ಯಾರೆಯವ್ರು ಕೊಟ್ರ ಜೈಲು ಶಿಕ್ಷೆ ತನಕ ಹೋಗ್ತದ. 1945ರ ಡ್ರಗ್ಸ್ ರೂಲ್ಸ್‌ದಾಗ 65ನೇ ರೂಲ್ ಅದ, ಅಲ್ಲಿ ಚೀಟಿ ಔಷಧಿ ಫಾರ್ಮಾಸಿಸ್ಟ್ ಸ್ವತಃ ಕೊಡ್ಬೇಕು, ಇಲ್ಲಾ ಅವರ ಖುದ್ದು ಮೇಲ್ವಿಚಾರಣೆದಾಗ ಕೊಡ್ಬೇಕು ಅಂತ ಅದ. ಖುದ್ದು ಅಂದ್ರ ಅಲ್ಲೇ ನಿಂತಿರ್ಬೇಕು, ಕಣ್ಣಿಂದ ನೋಡ್ಬೇಕು. ಮನ್ಯಾಗ ಕುಂತು ಫೋನ್‌ದಾಗ "ಹೂಂ ಕೊಡು" ಅನ್ನೋದು ಮೇಲ್ವಿಚಾರಣೆ ಅಲ್ಲ. ಗ್ವಾಡಿಗೆ ಸರ್ಟಿಫಿಕೇಟ್ ನೇತು ಹಾಕಿ ಆ ಸರ್ಟಿಫಿಕೇಟಿನವ್ರು ಬ್ಯಾರೆ ಊರಾಗ ಇರೋದಂತೂ ಅಲ್ಲವೇ ಅಲ್ಲ.

ಹಂಗಾದ್ರ ಹುಡುಗ ಏನ್ ಮಾಡ್ಬೋದು ಅಂತೀರಿ. ಚೀಟಿ ಇಸ್ಕೋಬೋದು, ರ‍್ಯಾಕ್‌ನಿಂದ ತೆಗಿಬೋದು, ಟ್ರೇದಾಗ ಇಡ್ಬೋದು, ಬಿಲ್ ಮಾಡ್ಬೋದು. ಆದ್ರ ಆ ಟ್ರೇ ಪೇಷಂಟ್ ಕೈಗೆ ಹೋಗೋಕ್ಕಿಂತ ಮೊದ್ಲು ಫಾರ್ಮಾಸಿಸ್ಟ್ ಮುಂದ ಬರ್ಬೇಕು. ನಮ್ಮ ಅಂಗಡ್ಯಾಗ ಒಂದೇ ರೂಲ್, ಕಡೀ ಕೈ ನಂದು. ಟ್ರೇದಾಗ ಚೀಟಿ ಮ್ಯಾಲ, ಔಷಧಿ ಕೆಳಗ, ನಾ ಹೆಸರು ಓದ್ತೀನಿ, ಎಂಜಿ ನೋಡ್ತೀನಿ, ಎಕ್ಸ್‌ಪೈರಿ ನೋಡ್ತೀನಿ, ಯಾವಾಗ ತಗೋಬೇಕು ಅಂತ ಪೇಷಂಟ್‌ಗೆ ನಾನೇ ಹೇಳ್ತೀನಿ. ಗಿರಾಕಿ ಜಾಸ್ತಿ ಇದ್ದಾಗ ತಡ ಆಗ್ತದ, ಮಂದಿ ಸಿಟ್ಟಿಗೇಳ್ತಾರ, ಆಗ್ಲಿ.

ಸರ್ಟಿಫಿಕೇಟ್ ಬಾಡಿಗಿಗೆ ತಗೊಂಡು ಹುಡುಗರ ಮ್ಯಾಲೇ ಅಂಗಡಿ ನಡಸ್ಬೋದಾ? ಎಲ್ಲಾರೂ ಹಂಗೇ ಮಾಡ್ತಾರಲ್ರಿ?

ಬ್ಯಾಡ. ಡ್ರಗ್ಸ್ ಇನ್ಸ್‌ಪೆಕ್ಟರ್ ಬಂದ್ರ ಲೈಸೆನ್ಸ್ ಸಸ್ಪೆಂಡ್ ಆಗ್ಬೋದು ಅನ್ನೋದು ಒಂದು ಮಾತು. ನನಗ ಅದಕ್ಕಿಂತ ದೊಡ್ಡದು, ಹತ್ತೊಂಬತ್ತು ವರ್ಷದ ಹುಡುಗನ್ನ ಒಂದು ಊರಿನ ಮಂದಿ ಜೀವದ ಮುಂದ ಒಬ್ಬನ್ನೇ ನಿಂದ್ರಿಸೋದು. ಅವಗ ಗೊತ್ತಿಲ್ದಿದ್ದು ಅವನ ತಪ್ಪಲ್ಲ, ಕೇಳಾಕ ಒಬ್ರು ಹತ್ರ ಇಲ್ದಂಗ ಮಾಡಿದ್ದು ಓನರ್ ತಪ್ಪು. ಹಂಗ ನಡಸ್ಬೇಕು ಅಂತ ಇದ್ರ ಕೆಳಗಿನ ಪ್ರಶ್ನೆಗಳು ನಿಮಗ ಉಪಯೋಗ ಆಗಂಗಿಲ್ಲ.

ಹುಡುಗರನ್ನ ಎಲ್ಲಿ ಹುಡುಕೋದು?

ಎಂಆರ್‌ಗಳಿಗೆ (ಔಷಧಿ ಕಂಪನಿ ಪ್ರತಿನಿಧಿಗಳಿಗೆ), ಸ್ಟಾಕಿಸ್ಟ್ ಕಡೆ ಮಾಲ್ ತರೋ ಹುಡುಗರಿಗೆ ಹೇಳಿ ಇಡ್ರಿ, ಅವ್ರು ದಿನಾ ಹತ್ತು ಅಂಗಡಿ ಅಡ್ಡಾಡ್ತಾರ, ಯಾರು ಕೆಲಸ ಬಿಟ್ಟಾರ, ಯಾರು ಹುಡುಕ್ಲಿಕತ್ಯಾರ ಅವರಿಗೆ ಗೊತ್ತಿರ್ತದ. ಅಂಗಡಿ ಮುಂದ ಒಂದು ಚೀಟಿ ಅಂಟಿಸ್ರಿ. ಹಳ್ಳಿಗಳಿಂದ ಬಸ್ಸಿಗೆ ಓಡಾಡೋ ಹುಡುಗರು ಭಾಳ ಅದಾರ, ಪಿಯುಸಿ ಆಗಿ ಡಿಗ್ರಿ ನಡುವೆ ಬಿಟ್ಟವ್ರು, ಬೆಂಗಳೂರಿಗೆ ಹೋಗಿ ಬಿಲ್ಡಿಂಗ್ ಕೆಲಸ ಮಾಡಿ ವಾಪಸ್ ಬಂದವ್ರು. ನನಗ ಸಿಕ್ಕ ಒಳ್ಳೆ ಹುಡುಗರೊಳಗ ಇಬ್ರು ಹಂಗ ಬಂದವ್ರೇ. ಬಸ್ ಟೈಮ್ ಮಾತ್ರ ಮೊದ್ಲೇ ಕೇಳ್ಕೋರಿ, ಕಡೀ ಬಸ್ ರಾತ್ರಿ ಎಂಟಕ್ಕ ಇದ್ರ ಅವನ್ನ ಒಂಬತ್ತೂವರಿ ತನಕ ನಿಂದ್ರಿಸೋ ಲೆಕ್ಕ ಹಾಕಬ್ಯಾಡ್ರಿ.

ಬಾಜು ಅಂಗಡಿ ಹುಡುಗನ್ನ ನೂರಿನ್ನೂರು ಹೆಚ್ಚು ಕೊಟ್ಟು ಎಳಕೊಳ್ಳೋದು ಬ್ಯಾಡ. ನಾಳಿಗೆ ಒಂದು ಇಂಜೆಕ್ಷನ್ ನಿಮ್ಮಲ್ಲಿ ಇಲ್ಲಾಂದ್ರ ಅವರ ಹತ್ರಾನೇ ಹೋಗ್ಬೇಕು.

ಎಷ್ಟು ಓದಿರ್ಬೇಕು? ಇಂಗ್ಲಿಷ್ ಬರ್ಬೇಕಾ?

ಹೆಲ್ಪರ್‌ಗೆ ಇಷ್ಟೇ ಓದಿರ್ಬೇಕು ಅಂತ ಡ್ರಗ್ಸ್ ಕಾನೂನಿನ್ಯಾಗ ಇಲ್ಲ. ನಾ ಎಸ್ಸೆಸ್ಸೆಲ್ಸಿ ಪಾಸ್ ಆದವ್ರನ್ನ ನೋಡ್ತೀನಿ. ಇಂಗ್ಲಿಷ್ ಮಾತಾಡಾಕ ಬರಲಿಲ್ಲಾಂದ್ರ ನಡೀತದ, ಆದ್ರ ಇಂಗ್ಲಿಷ್ ಅಕ್ಷರ ತಪ್ಪಿಲ್ದಂಗ ಓದಾಕ ಬರ್ಲೇಬೇಕು, ಯಾಕಂದ್ರ ಔಷಧಿ ಹೆಸರಾಗ ಒಂದು ಅಕ್ಷರ ಬದಲಾದ್ರ ಔಷಧಿನೇ ಬದಲಾಗ್ತದ. ಕನ್ನಡ ಜೊತಿಗೆ ತೆಲುಗು, ಉರ್ದು ಚೂರು ಚೂರು ಬಂದ್ರ ಭಾಳ ಚಲೋ. ರಾಯಚೂರು ಗಡಿ ಊರು, ಗದ್ವಾಲ ಕಡಿಂದ ದವಾಖಾನಿಗೆ ಬಂದವ್ರು ತೆಲುಗಿನ್ಯಾಗೇ ಕೇಳ್ತಾರ. ಬ್ಯಾನಿ ಬಂದವ್ರಿಗೆ ಅವರ ಮಾತಿನ್ಯಾಗ ಹೇಳಿದ್ರ ಅರ್ಧ ಹೆದ್ರಿಕಿ ಹೋಗ್ತದ.

ಇಂಟರ್ವ್ಯೂದಾಗ ಏನ್ ಕೇಳ್ಬೇಕು?

ಮಾತಿಗಿಂತ ಕೈಗೆ ಕೆಲಸ ಕೊಟ್ಟು ನೋಡ್ರಿ. ನಾ ಟೇಬಲ್ ಮ್ಯಾಲ ಇಪ್ಪತ್ತು ಸ್ಟ್ರಿಪ್ ಹರವಿ ಎಬಿಸಿಡಿ ಪ್ರಕಾರ ಜೋಡ್ಸು ಅಂತೀನಿ. ಅದ್ರಾಗ ಬೇಕಂತಲೇ ಬಿಪಿ ಗುಳಿಗಿ ಟೆಲ್ಮಿಸಾರ್ಟನ್ 40, ಟೆಲ್ಮಿಸಾರ್ಟನ್ 80, ಆಮೇಲೆ ಅದ್ಕ ಅಮ್ಲೋಡಿಪಿನ್ ಸೇರಿದ್ದು ಒಂದು, ನೀರು ಹೋಗೋ ಗುಳಿಗಿ ಸೇರಿದ್ದು ಒಂದು ಇಟ್ಟಿರ್ತೀನಿ. ಒಂದೇ ಕಂಪನಿ, ಒಂದೇ ಥರ ಬಣ್ಣ, ಹೆಸರಿನ ತುದಿಗೆ ಒಂದೆರಡು ಅಕ್ಷರ ಮಾತ್ರ ಬ್ಯಾರೆ. ನಾಕೂ ಒಂದೇ ಅಂತ ಒಟ್ಟಿಗೆ ಇಟ್ಟವನ್ನ ಈಗ್ಲೇ ಬ್ಯಾಡ ಅನ್ನಂಗಿಲ್ಲ, ತೋರ್ಸಿ ಹೇಳ್ತೀನಿ, ಹೇಳಿದ ಮ್ಯಾಲ ಮತ್ತ ನೋಡ್ತಾನಾ ಇಲ್ಲಾ ಅಂತ ಗಮನಿಸ್ತೀನಿ.

ಆಮ್ಯಾಲ ಒಂದು ಸ್ಟ್ರಿಪ್ ಕೈಗೆ ಕೊಟ್ಟು ತಯಾರಾದ ದಿನ ಯಾವ್ದು, ಎಕ್ಸ್‌ಪೈರಿ ಯಾವ್ದು, ಬ್ಯಾಚ್ ನಂಬರ್ ಯಾವ್ದು, ಎಂಆರ್‌ಪಿ ಎಷ್ಟು ಅಂತ ಕೇಳ್ತೀನಿ. ಹತ್ತು ಗುಳಿಗಿ ಸ್ಟ್ರಿಪ್ಪಿಗೆ 84 ರೂಪಾಯಿ ಆದ್ರ ಮೂರು ಗುಳಿಗಿಗೆ ಎಷ್ಟು, ಫೋನ್ ಮುಟ್ದಂಗ ಹೇಳು.

ಕಡೀ ಪ್ರಶ್ನೆ ನನಗ ಎಲ್ಲಕ್ಕಿಂತ ಮುಖ್ಯ. ನಾನೇ ಕೈಬರಹದ ಒಂದು ಚೀಟಿ ಕೊಡ್ತೀನಿ, ಯಾರಿಗೂ ಓದಾಕ ಬರಂಗಿಲ್ಲ ಹಂಗ ಗೀಚಿದ್ದು, ಇದೇನು ಅಂತ ಕೇಳ್ತೀನಿ. ಒಬ್ಬ ಬಂದಿದ್ದ, ಬ್ಯಾರೆ ಅಂಗಡ್ಯಾಗ ನಾಕು ವರ್ಷ ಅನುಭವ, ಚೀಟಿ ನೋಡಿ ಕಣ್ ಮುಚ್ಚಿ ತೆಗೆಯೋದ್ರಾಗ ಒಂದು ಹೆಸರು ಹೇಳಿಬಿಟ್ಟ. ಇನ್ನೊಬ್ಬ ಆ ಚೀಟಿನ ಬೆಳಕಿಗೆ ಹಿಡ್ದ, ತಿರುಗಿಸ್ದ, ಮುಖ ಕೆಂಪಗ ಮಾಡ್ಕೊಂಡು "ಗೊತ್ತಾಗವಲ್ದು ಸರ್, ಡಾಕ್ಟ್ರಿಗೆ ಫೋನ್ ಮಾಡಿ ಕೇಳ್ಬೇಕೇನೋ" ಅಂದ. ಎರಡನೇವನ್ನ ಇಟ್ಕೊಂಡೆ. "ಗೊತ್ತಿಲ್ಲ" ಅನ್ನಾಕ ಬರೋ ಹುಡುಗಗ ಉಳಿದಿದ್ದೆಲ್ಲಾ ಕಲಿಸ್ಬೋದು, ಅದೊಂದು ಬರ್ದೇ ಇದ್ದವನ ಅನುಭವದಿಂದ ನನಗ ಭಯ ಆಗ್ತದ.

ಬೇಸಿಗೆ ರಜಾದಾಗ ಸಣ್ಣ ಹುಡುಗರನ್ನ ಇಟ್ಕೋಬೋದಾ?

14 ವರ್ಷದ ಒಳಗಿನ ಮಕ್ಕಳನ್ನ ಕೆಲಸಕ್ಕ ಹಚ್ಚಂಗಿಲ್ಲ, 1986ರ ಕಾಯ್ದೆ, 2016ರಾಗ ಅದನ್ನ ಇನ್ನೂ ಬಿಗಿ ಮಾಡ್ಯಾರ. ಚಾ ತರಾಕ, ಡಬ್ಬಿ ಎತ್ತಿಡಾಕ ಅಂತನೂ ಇಲ್ಲ. 14 ಆಗಿ 18 ಆಗದವ್ರನ್ನೂ ಮೆಡಿಕಲ್‌ಗೆ ಇಟ್ಕೋಬ್ಯಾಡ್ರಿ ಅಂತ ನಾ ಹೇಳ್ತೀನಿ, ಇಲ್ಲಿ ನಿದ್ದಿ ಗುಳಿಗಿ, ನೋವಿನ ಇಂಜೆಕ್ಷನ್ ಎಲ್ಲಾ ಕೈಗೆ ಸಿಗೋ ಜಾಗ. ಆಧಾರ್ ನೋಡ್ರಿ, ಮಾರ್ಕ್ಸ್ ಕಾರ್ಡ್ ನೋಡ್ರಿ, ಝೆರಾಕ್ಸ್ ಇಟ್ಕೋರಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಂಡು "ಬಿಡುವಾಗ ಕೊಡ್ತೀನಿ" ಅನ್ನೋ ರೂಢಿ ಕೆಲವು ಕಡೆ ಅದ, ಅದು ಭಾಳ ಕೆಟ್ಟದ್ದು, ಆ ಹುಡುಗಗ ನಾಳೆ ಒಂದು ಸರ್ಕಾರಿ ಅರ್ಜಿ ಹಾಕಾಕ ಬಂದ್ರ ಏನ್ ಮಾಡ್ಬೇಕು?

ಪಗಾರ ಎಷ್ಟು ಕೊಡ್ಬೇಕು?

ಅಂಗಡಿ ಕೆಲಸಕ್ಕ ರಾಜ್ಯ ಸರ್ಕಾರದ ಕನಿಷ್ಠ ವೇತನ ಅದ, ತುಟ್ಟಿಭತ್ಯೆ ಸೇರಿ ಪ್ರತಿ ವರ್ಷ ಏಪ್ರಿಲ್‌ದಿಂದ ಬದಲಾಗ್ತದ, ಕಾರ್ಮಿಕ ಇಲಾಖೆ ಆಫೀಸ್‌ದಾಗ ಕೇಳಿದ್ರ ಈ ವರ್ಷದ ಪಟ್ಟಿ ಕೊಡ್ತಾರ. ಅದರ ಕೆಳಗ ಕೊಡಂಗಿಲ್ಲ. "ಹೊಸಬ ಅದಾನ, ಮೂರು ತಿಂಗಳು ಕಲೀಲಿ, ಆಮ್ಯಾಲ ಪಗಾರ" ಅನ್ನೋದು ಸರಿ ಅಲ್ಲ, ಆ ಮೂರು ತಿಂಗಳೂ ಅವ ಬಸ್ ಚಾರ್ಜ್ ಕೊಟ್ಟೇ ಬರ್ತಾನ. ಪಗಾರ ಬ್ಯಾಂಕಿಗೆ ಹಾಕ್ರಿ, ಒಂದೇ ತಾರೀಖಿಗೆ ಹಾಕ್ರಿ. ಕೈಸಾಲ ಅಡ್ವಾನ್ಸ್ ಕೊಟ್ರ ನೋಟ್ ಬುಕ್ಕಿನ್ಯಾಗ ಇಬ್ರೂ ಸಹಿ ಮಾಡ್ರಿ, ತಿಂಗಳಾ ಎಷ್ಟು ಮುರ್ಕೋಬೇಕು ಅಂತ ಅವತ್ತೇ ಮಾತಾಡ್ರಿ.

ಹತ್ತು ಮಂದಿ ಆದ್ರ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಬರ್ತದ, ತಿಂಗಳಿಗೆ 21,000 ತನಕ ಪಗಾರ ಇದ್ದವ್ರಿಗೆ. ನೌಕರನ ಪಾಲು 0.75 ಪರ್ಸೆಂಟ್, ನಿಮ್ಮದು 3.25. 20,000 ಪಗಾರ ಅಂದ್ರ ಅವನ ಕಡಿಂದ 150, ನಿಮ್ಮ ಕಡಿಂದ 650. ಪಿಎಫ್ ಇಪ್ಪತ್ತು ಮಂದಿ ಆದ್ರ. ನಮ್ಮ ಕಡಿ ಹೆಚ್ಚಿನ ಅಂಗಡಿಗೆ ಇವೆರಡೂ ಬರಂಗಿಲ್ಲ, ಹಂಗಂತ ಹುಡುಗಗ ಆರಾಮಿಲ್ದಾಗ ಕೈ ಬಿಡಬ್ಯಾಡ್ರಿ.

ಡ್ಯೂಟಿ ಟೈಮ್ ಮತ್ತ ರಜಾ?

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕ 9 ತಾಸು, ವಾರಕ್ಕ 48 ತಾಸು, ನಡುವೆ ವಿಶ್ರಾಂತಿ, ವಾರಕ್ಕ ಒಂದು ದಿನ ರಜಾ. ಹೆಚ್ಚಿಗೆ ದುಡಿಸಿದ್ರ ಓವರ್‌ಟೈಮ್ ಡಬಲ್. ನೇಮಕಾತಿ ಪತ್ರನೂ ಕೊಡ್ಬೇಕು. ಬೆಳಗ್ಗೆ ಎಂಟರಿಂದ ರಾತ್ರಿ ಹತ್ತರ ತನಕ ಅಂಗಡಿ ತೆರದಿದ್ರ ಒಬ್ಬನ್ನೇ ಅಷ್ಟೂ ಹೊತ್ತು ನಿಂದ್ರಿಸಾಕ ಬರಂಗಿಲ್ಲ, ಎರಡು ಪಾಳಿ ಮಾಡ್ರಿ. ಹದಿಮೂರು ತಾಸು ನಿಂತವನ ಕಣ್ಣು ರಾತ್ರಿ ಒಂಬತ್ತಕ್ಕ 5 ಎಂಜಿ ಮತ್ತ 50 ಎಂಜಿ ನಡುವಿನ ಸೊನ್ನಿ ನೋಡಂಗಿಲ್ಲ. ಕುಂದ್ರಾಕ ಸ್ಟೂಲ್ ಹಾಕ್ರಿ, ಗಿರಾಕಿ ಇಲ್ದಾಗ ಕುಂದ್ರಲಿ.

ಹೆಣ್ಮಕ್ಕಳನ್ನ ಇಟ್ಕೋಬೋದಾ?

ಇಟ್ಕೋರಿ, ಖಂಡಿತ ಇಟ್ಕೋರಿ. ನಮ್ಮಲ್ಲಿ ಒಬ್ಬಾಕಿ ಬಿಲ್ಲಿಂಗ್‌ಗೆ ಬಂದ ಮ್ಯಾಲ ಹೆಣ್ಮಕ್ಕಳ ಗಿರಾಕಿ ಎಷ್ಟು ಹೆಚ್ಚಾತು ಅಂದ್ರ ನನಗೇ ಆಶ್ಚರ್ಯ ಆತು. ಮೊದ್ಲು ಪ್ಯಾಡ್ ಬೇಕಂದ್ರ ಗಂಡಸರು ಹೋಗೋ ತನಕ ಮೂಲಿಗೆ ನಿಂದರ್ತಿದ್ರು, ಬಿಳಿ ಹೋಗೋದು, ಉರಿ ಮೂತ್ರ ಇಂಥವನ್ನ ಹೇಳಾಕ ಆಗ್ದೇ ವಾಪಸ್ ಹೋಗ್ತಿದ್ರು. ಈಗ ಆಕಿ ಹತ್ರ ಮೆಲ್ಲಕ ಹೇಳ್ತಾರ, ಆಕಿ ನನ್ನ ಹತ್ರ ಬಂದು "ಸರ್ ಇವ್ರನ್ನ ಡಾಕ್ಟ್ರ ಹತ್ರ ಕಳಿಸ್ಬೇಕು" ಅಂತಾಳ. ರಾತ್ರಿ ಎಂಟರ ಮ್ಯಾಲ ಹೆಣ್ಮಕ್ಕಳನ್ನ ದುಡಿಸಾಕ ಕಾನೂನಿನ್ಯಾಗ ಬ್ಯಾರೆ ಷರತ್ತು ಅವ, ನಾವು ಏಳೂವರಿಗೆ ಕಳಿಸಿಬಿಡ್ತೀವಿ. ಸ್ವಚ್ಛ ಬಾತ್‌ರೂಮ್ ಇರ್ಬೇಕು, ಅದು ಇಲ್ದೇ ಕೆಲಸಕ್ಕ ಕರೀಬ್ಯಾಡ್ರಿ.

ಮೊದಲ ತಿಂಗಳು ಏನ್ ಕಲಿಸ್ಬೇಕು?

ಮೊದಲ ವಾರ ಗಿರಾಕಿ ಮುಂದ ನಿಂದ್ರಿಸಬ್ಯಾಡ್ರಿ. ಒಂದು ಒಣ ಅರಿವಿ ಕೊಟ್ಟು ರ‍್ಯಾಕ್ ಒರಸಾಕ ಹಚ್ಚ್ರಿ, ಮುಟ್ಟಿದ ಪ್ರತಿ ಡಬ್ಬಿ ಹೆಸರು ಬಾಯಿಬಿಟ್ಟು ಓದಲಿ. ನಮ್ಮೂರಾಗ ಧೂಳಿಗೆ ಬರ ಇಲ್ಲ, ದಿನಾ ಒರಸಿದ್ರ ಎಂಟು ದಿನದಾಗ ಯಾವ ಔಷಧಿ ಎಲ್ಲಿ ಅದ ಅಂತ ಕೈಗೆ ಬರ್ತದ.

ಎರಡನೇದು ಕತ್ತರಿ. ಇದನ್ನ ಯಾರೂ ಕಲಿಸಂಗಿಲ್ಲ, ಆದ್ರ ಭಾಳ ಮುಖ್ಯ. ಸ್ಟ್ರಿಪ್ಪಿನ ಒಂದು ಕಡೆ ಬ್ಯಾಚ್ ನಂಬರ್ರು ಎಕ್ಸ್‌ಪೈರಿ ಅಚ್ಚು ಹಾಕಿರ್ತಾರ, ಗಿರಾಕಿ ನಾಕು ಗುಳಿಗಿ ಕೇಳಿದ್ರ ಆ ಅಚ್ಚು ಇರೋ ಕಡೆ ಬಿಟ್ಟು ಎದುರಿನ ತುದಿಯಿಂದ ಕತ್ತರಿಸ್ಬೇಕು. ಇಲ್ಲಾಂದ್ರ ಡಬ್ಬಿಯೊಳಗ ಹೆಸರಿಲ್ಲದ, ತಾರೀಖಿಲ್ಲದ ತುಂಡು ಉಳೀತದ, ಅದನ್ನ ಆಮ್ಯಾಲ ಯಾರಿಗೂ ಕೊಡಾಕ ಬರಂಗಿಲ್ಲ. ಗಿರಾಕಿಗೆ ಹೋಗೋ ತುಂಡನ್ನ ಕವರ್‌ದಾಗ ಹಾಕಿ ಮ್ಯಾಲ ಹೆಸರು, ಎಕ್ಸ್‌ಪೈರಿ ಬರೀಬೇಕು. ಎಕ್ಸ್‌ಪೈರಿ ತಿಂಗಳು ಬರ್ದಿದ್ರ ಆ ತಿಂಗಳ ಕಡೀ ದಿನದ ತನಕ ಅಂತ ಅರ್ಥ, ಇದನ್ನೂ ಹೇಳಿಕೊಡ್ರಿ, ಗಿರಾಕಿ ಜಗಳಕ್ಕ ಬರೋದು ಇದಕ್ಕೇ.

ಮೂರನೇದು ಹೊಸ ಮಾಲ್ ಹಿಂದ, ಹಳೇ ಮಾಲ್ ಮುಂದ. ತಿಂಗಳಿಗೊಮ್ಮೆ ಮುಂದಿನ ಮೂರು ತಿಂಗಳೊಳಗ ಎಕ್ಸ್‌ಪೈರಿ ಆಗೋದನ್ನ ತೆಗೆದು ಬ್ಯಾರೆ ಡಬ್ಬಿಗೆ ಹಾಕಿ ಸ್ಟಾಕಿಸ್ಟ್‌ಗೆ ವಾಪಸ್ ಕಳಿಸೋ ಲೆಕ್ಕ ಮಾಡ್ಬೇಕು. ಎಕ್ಸ್‌ಪೈರಿ ಆದದ್ದು ಮಾರಾಟದ ರ‍್ಯಾಕ್‌ನ್ಯಾಗ ಒಂದು ಸ್ಟ್ರಿಪ್ಪೂ ಇರಬಾರ್ದು.

ಬಿಸಿಲೂರಾಗ ಫ್ರಿಡ್ಜ್ ಕೆಲಸ ಯಾರಿಗೆ ಕೊಡೋದು?

ಒಬ್ಬನಿಗೇ ಕೊಡ್ರಿ, ಎಲ್ಲರ ಕೆಲಸ ಅಂದ್ರ ಯಾರೂ ನೋಡಂಗಿಲ್ಲ. ಏಪ್ರಿಲ್ ಮೇದಾಗ ಇಲ್ಲಿ 40 ಡಿಗ್ರಿ ದಾಟ್ತದ, ಕರೆಂಟ್ ಯಾವಾಗ ಹೋಗ್ತದ ಹೇಳಾಕ ಬರಂಗಿಲ್ಲ. ಇನ್ಸುಲಿನ್, ಲಸಿಕೆ 2ರಿಂದ 8 ಡಿಗ್ರಿ ಒಳಗ ಇರ್ಬೇಕು. ಬೆಳಗ್ಗೆ ಸಂಜಿ ಎರಡು ಸಲ ಥರ್ಮಾಮೀಟರ್ ನೋಡಿ ಬರೀಲಿ. ಫ್ರೀಜರ್‌ಗೆ ತಾಗಿಸಿ ಇಡಬಾರ್ದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಉಪಯೋಗಕ್ಕ ಬರಂಗಿಲ್ಲ. ಕರೆಂಟ್ ಹೋದ್ರ ಬಾಗಿಲು ತೆಗಿಯಂಗಿಲ್ಲ, ನೀರಿನ ಬಾಟ್ಲಿ, ಊಟದ ಡಬ್ಬಿ ಆ ಫ್ರಿಡ್ಜ್‌ನ್ಯಾಗ ಇಡಂಗಿಲ್ಲ.

ಹಳ್ಳಿಗೆ ಇನ್ಸುಲಿನ್ ಒಯ್ಯೋವ್ರಿಗೆ ಪ್ಯಾಕ್ ಮಾಡೋದನ್ನೂ ಹುಡುಗಗ ಕಲಿಸ್ಬೇಕು. ಬರ್ಫಿನ ಮ್ಯಾಲ ನೇರ ಇಡಬಾರ್ದು, ಡಬ್ಬಿನ ಪೇಪರ್‌ದಾಗ ಸುತ್ತಿ, ಐಸ್ ಪ್ಯಾಕ್ ಬ್ಯಾರೆ ಕವರ್‌ದಾಗ ಹಾಕಿ, ಎರಡರ ನಡುವೆ ಅರಿವಿ ಇಡ್ಬೇಕು. ಒಂದು ಸಲ ಮಾನ್ವಿ ಕಡಿ ಅಜ್ಜಿ ಬಸ್ಸಿಗೆ ಹೊಂಟಾಗ ನಮ್ಮ ಹುಡುಗ ಬಿಸಿಲಾಗ ಹಿಂದಿಂದ ಓಡಿ ಹೋಗಿ "ಅಮ್ಮಾ, ಬಸ್‌ದಾಗ ಕಿಟಕಿ ಕಡೆ ಇಡಬ್ಯಾಡ, ಮಡಿಲಾಗ ಇಟ್ಕೋ, ಮನ್ಯಾಗ ಫ್ರಿಡ್ಜ್ ಇಲ್ಲಾಂದ್ರ ಮಡಕಿ ನೀರಿನ ಹತ್ರ ತಂಪಿನ್ಯಾಗ ಇಡು" ಅಂತ ಹೇಳಿ ಬಂದ. ಅವತ್ತು ಅವಗ ನಾ ಏನೂ ಅನ್ನಲಿಲ್ಲ, ಆದ್ರ ಮನಸ್ಸು ತುಂಬಿ ಬಂತು.

ಹುಡುಗ ಯಾವುದಕ್ಕ "ಇಲ್ಲ" ಅನ್ಬೇಕು?

ಡಬ್ಬಿ ಮ್ಯಾಲ ಕೆಂಪು ಚೌಕದೊಳಗ ಎಚ್1 ಎಚ್ಚರಿಕೆ ಬರ್ದಿದ್ದು ಕಂಡ್ರ ಕೈ ನಿಲ್ಲಿಸು, ನನ್ನ ಕರಿ. ಇಷ್ಟೇ ಕಲಿಸೀನಿ. ಷೆಡ್ಯೂಲ್ ಎಚ್1 ಅಂತ ಬಿಗಿ ನಿಗಾ ಇಡೋ ಔಷಧಿಗಳ ಪಟ್ಟಿ 2014ರಾಗ ಜಾರಿಗೆ ಬಂತು, ಜೋರು ಆಂಟಿಬಯೋಟಿಕ್, ಟಿಬಿ ಗುಳಿಗಿ, ಅಲ್ಪ್ರಜೋಲಾಂ ಥರ ನಿದ್ದಿ ಗುಳಿಗಿ, ಟ್ರಮಡಾಲ್ ಎಲ್ಲಾ ಅದ್ರಾಗ ಬರ್ತಾವ. ಚೀಟಿ ಬರ್ದ ಡಾಕ್ಟರ್ ಹೆಸರು ವಿಳಾಸ, ಪೇಷಂಟ್ ಹೆಸರು, ಔಷಧಿ, ಎಷ್ಟು ಕೊಟ್ವಿ, ಇದನ್ನೆಲ್ಲಾ ಬ್ಯಾರೆ ರಿಜಿಸ್ಟರ್‌ದಾಗ ಬರ್ದು ಮೂರು ವರ್ಷ ಇಡ್ಬೇಕು. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಒಳಗೂ ಬಂದದ, ಅದ್ರಾಗ ಸಿಕ್ಕಿಬಿದ್ರ ಹುಡುಗನ ಜೀವನ ಹಾಳು.

ಸಂಜಿ ಹೊತ್ತು ನಾಕು ಹುಡುಗರು ಬೈಕ್ ಮ್ಯಾಲ ಬರ್ತಾರ, "ಅಣ್ಣಾ ಒಂದು ಸ್ಟ್ರಿಪ್ ಕೊಡೋ, ದುಪ್ಪಟ್ಟು ಕೊಡ್ತೀನಿ" ಅಂತಾರ. ಹೆಲ್ಪರ್‌ಗೂ ಅದೇ ವಯಸ್ಸು, ಕೆಲವೊಮ್ಮೆ ಒಂದೇ ಓಣಿಯವ್ರು ಇರ್ತಾರ, ಅವಗ ಇಲ್ಲ ಅನ್ನೋದು ಭಾಳ ಕಷ್ಟ. ಅದಕ್ಕ ಆ ಔಷಧಿ ಇರೋ ಕಪಾಟಿನ ಬೀಗದ ಕೈ ಹುಡುಗನ ಹತ್ರ ಇರಲೇಬಾರ್ದು. "ಕೀಲಿ ಸರ್ ಹತ್ರ ಅದ" ಅನ್ನೋ ಮಾತು ಅವನ್ನ ಕಾಪಾಡ್ತದ. ಹಂಗೇ ಗರ್ಭ ಇಳಿಸೋ ಗುಳಿಗಿ ಕಿಟ್, ಅದು ಚೀಟಿ ಇಲ್ದೇ ಯಾರಿಗೂ ಇಲ್ಲ.

ಇನ್ನೊಂದು ಮಾತು ಹುಡುಗನ ಬಾಯಿಂದ ಬರಬಾರ್ದು, "ಅದೇ ಸಾಲ್ಟ್ ಅದ ಅಣ್ಣಾ, ಬ್ಯಾರೆ ಕಂಪನಿದು ಕೊಡ್ಲಾ?" ಅಂತ. ಸಾಲ್ಟ್ ಅಂದ್ರ ಗುಳಿಗಿಯೊಳಗಿನ ಮೂಲ ಔಷಧಿ. ಖಾಲಿ ಸ್ಟ್ರಿಪ್ ತಂದು ಇದೇ ಕೊಡ್ರಿ ಅಂತಾರ, ಅದೂ ಇಲ್ದೇ "ಕೆಂಪು ಗುಳಿಗಿ, ಮಂಡಿ ನೋವಿಂದು" ಅಂತಾರ, ಇದನ್ನೆಲ್ಲಾ ನನ್ನ ತನಕ ತರ್ಬೇಕು.

ಹುಡುಗ ತಪ್ಪು ಮಾಡಿದ್ರ ಏನ್ ಮಾಡೋದು? ತೆಗೆದು ಹಾಕೋದಾ?

ಇದಕ್ಕ ನನ್ನದೇ ಅಂಗಡಿ ಮಾತು ಹೇಳ್ತೀನಿ. ಮೂರು ವರ್ಷ ಹಳೇ ಹುಡುಗ, ಕೆಲಸ ಭಾಳ ಚಲೋ ಮಾಡ್ತಿದ್ದ, ಅವನ ಮ್ಯಾಲ ಭರೋಸಾ ಇಟ್ಟು ನಾ ಮಧ್ಯಾಹ್ನ ಮನಿಗೆ ಊಟಕ್ಕ ಹೋಗ್ತಿದ್ದೆ. ಒಂದು ದಿನ ಸಕ್ಕರಿ ಕಾಯಿಲೆ ಇದ್ದ ಅಜ್ಜಗ ಗ್ಲಿಮಿಪಿರೈಡ್ 1 ಎಂಜಿ ಬದಲಿ 2 ಎಂಜಿ ಕೊಟ್ಟಾನ, ಡಬ್ಬಿ ಒಂದ್ರ ಬಾಜು ಒಂದು ಇದ್ವು. ಅಜ್ಜ ಎರಡು ದಿನ ತಗೊಂಡಾರ, ಮೂರನೇ ದಿನ ಸರಿ ಊಟನೂ ಮಾಡಿರಲಿಲ್ಲ, ಮೈಯೆಲ್ಲಾ ಬೆವತು ಕೈ ನಡುಗಿ ಕಣ್ಣಿಗೆ ಕತ್ತಲಿ ಬಂದು ಕುಸಿದಾರ. ಮನಿಯವ್ರು ದವಾಖಾನಿಗೆ ಒಯ್ದು ಗ್ಲೂಕೋಸ್ ಹಾಕ್ಸಿದ ಮ್ಯಾಲ ಆರಾಮಾದ್ರು. ಅವರ ಮಗ ಸ್ಟ್ರಿಪ್ ತಂದು ಟೇಬಲ್ ಮ್ಯಾಲ ಇಟ್ಟು ಏನೂ ಮಾತಾಡ್ದೇ ನಿಂತ. ಆ ಸ್ಟ್ರಿಪ್ ನನಗ ಇನ್ನೂ ಕಣ್ಣ ಮುಂದ ಅದ, ನಾಕು ಗುಳಿಗಿ ಖಾಲಿ, ಆರು ಉಳಿದಿದ್ವು.

ಹುಡುಗನ್ನ ತೆಗೀಲಿಲ್ಲ. ತಪ್ಪು ನನ್ನದಿತ್ತು, ಕಡೀ ಕೈ ನಂದಿರ್ಬೇಕಾದ ಕಡೆ ನಾ ಇರಲಿಲ್ಲ. ಇಬ್ರೂ ಅಜ್ಜನ ಮನಿಗೆ ಹೋಗಿ ಕಾಲು ಹಿಡಿದು ಬಂದ್ವಿ. ಅವತ್ತಿಂದ ನಾ ಊಟಕ್ಕ ಹೋದ್ರ ಅರ್ಧ ಶಟರ್ ಇಳಿಸ್ತೀವಿ, "ಫಾರ್ಮಾಸಿಸ್ಟ್ ಬರೋ ತನಕ ಚೀಟಿ ಔಷಧಿ ಇಲ್ಲ" ಅಂತ ಬೋರ್ಡ್ ಇಡ್ತೀವಿ, ಆ ಹೊತ್ತಿನ್ಯಾಗ ಪ್ಯಾಡ್, ಡೈಪರ್, ಒಆರ್‌ಎಸ್, ಹತ್ತಿ, ಬ್ಯಾಂಡೇಜ್ ಇಷ್ಟೇ. ಒಂದೇ ಹೆಸರಿನ ಬ್ಯಾರೆ ಬ್ಯಾರೆ ಎಂಜಿ ಡಬ್ಬಿಗಳ ನಡುವೆ ಬ್ಯಾರೆ ಔಷಧಿ ಇಟ್ಟು ದೂರ ಮಾಡೀವಿ. ವಾರಕ್ಕೊಮ್ಮೆ ತಗೋಬೇಕಾದ ಮೆಥೊಟ್ರೆಕ್ಸೇಟ್ ಥರದ್ದಕ್ಕ ಡಬ್ಬಿ ಮ್ಯಾಲೇ ದಪ್ಪ ಅಕ್ಷರದಾಗ "ವಾರಕ್ಕ ಒಮ್ಮೆ" ಅಂತ ಬರ್ದೀವಿ, ದಿನಾ ತಗೊಂಡ್ರ ಜೀವಕ್ಕೇ ಅಪಾಯ.

ತಪ್ಪು ಹೇಳಿಕೊಂಡು ಬಂದ ಹುಡುಗನ್ನ ಗಿರಾಕಿ ಮುಂದ ಬೈಬ್ಯಾಡ್ರಿ. ಮುಂದಿನ ಸಲ ಮುಚ್ಚಿಡ್ತಾನ, ಮುಚ್ಚಿಟ್ಟ ತಪ್ಪೇ ಮನಿ ಮುಟ್ಟೋದು. ಆದ್ರ ಗೊತ್ತಿದ್ದೂ ಚೀಟಿ ಇಲ್ದೇ ಮಾರಿದ, ಗಲ್ಲಾಕ್ಕ ಕೈ ಹಾಕ್ದ ಅಂದ್ರ ಅದು ತಪ್ಪಲ್ಲ, ಬ್ಯಾರೆ ಲೆಕ್ಕ, ಅವತ್ತೇ ಬಿಡಿಸ್ರಿ.

ಗಲ್ಲಾ, ಉದ್ರಿ ಹುಡುಗರ ಕೈಗೆ ಕೊಡ್ಬೋದಾ?

ಬಿಲ್ ಇಲ್ದೇ ಒಂದು ಕ್ರೋಸಿನ್ನೂ ಹೊರಗ ಹೋಗಬಾರ್ದು, ಅಷ್ಟು ಮಾಡಿದ್ರ ಅರ್ಧ ಕಾಟ ತಪ್ತದ. ಪ್ರತಿಯೊಬ್ಬರಿಗೆ ಬ್ಯಾರೆ ಬಿಲ್ಲಿಂಗ್ ಲಾಗಿನ್ ಮಾಡ್ರಿ. ರಾತ್ರಿ ಗಲ್ಲಾ ಎಣಿಸುವಾಗ ಹುಡುಗನ್ನೂ ಕುಂದ್ರಿಸ್ಕೋರಿ, ಐವತ್ತು ಕಮ್ಮಿ ಬಂದ್ರ ಅವನ ಪಗಾರದಾಗ ಮುರೀಬ್ಯಾಡ್ರಿ. ಉದ್ರಿ ಯಾರಿಗೆ ಕೊಡ್ಬೇಕು ಅನ್ನೋದು ನಿಮ್ಮ ತೀರ್ಮಾನ, ಹುಡುಗನ ಮ್ಯಾಲ ಹಾಕಿದ್ರ ಅವ ಓಣಿಯವ್ರ ಜೋಡಿ ಜಗಳ ಆಡ್ಬೇಕಾಗ್ತದ. ಸುಗ್ಗಿ ಬಂದ ಮ್ಯಾಲ ಕೊಡ್ತೀವಿ ಅನ್ನೋ ರೈತರು ನಮ್ಮಲ್ಲಿ ಅದಾರ, ಹತ್ತಿ ಮಾರಿ, ಭತ್ತ ಮಾರಿ ಬಂದು ಕೊಟ್ಟೂ ಹೋಗ್ತಾರ.

ಡೆಲಿವರಿ ಹುಡುಗಗ ಏನ್ ಹೇಳ್ಬೇಕು?

ಲೈಸೆನ್ಸ್, ಹೆಲ್ಮೆಟ್. ಕವರ್ ಪಿನ್ ಹಾಕಿ ಮುಚ್ಚಿರ್ಬೇಕು, ಯಾರ ಮನಿಗೆ ಏನ್ ಔಷಧಿ ಹೋಗ್ತದ ಅಂತ ಕಟ್ಟಿ ಮ್ಯಾಲ ಕುಂತವ್ರ ಮುಂದ ಹೇಳಬಾರ್ದು. ಟಿಬಿ ಗುಳಿಗಿ, ಮನಸ್ಸಿನ ಬ್ಯಾನಿ ಗುಳಿಗಿ ಇಂಥದ್ರ ಸುದ್ದಿ ಹೊರಗ ಬಿದ್ರ ಆ ಮನಿ ಮಗಳ ಲಗ್ನ ಮುರಿದು ಬೀಳ್ತದ, ಅಷ್ಟು ದೊಡ್ಡ ಮಾತು ಅದು.

ಡಿ.ಫಾರ್ಮ್ ಹುಡುಗರನ್ನ ಟ್ರೇನಿಂಗ್‌ಗೆ ಅಂತ ಇಟ್ಕೊಂಡ್ರ ಪಗಾರ ಉಳಿತದಲ್ಲಾ?

ಡಿ.ಫಾರ್ಮ್ ಅಂದ್ರ ಫಾರ್ಮಸಿ ಡಿಪ್ಲೊಮಾ, ಅದು ಎರಡು ವರ್ಷ ಆದ ಮ್ಯಾಲ 500 ತಾಸು, ಮೂರು ತಿಂಗಳಿಗೆ ಕಮ್ಮಿ ಇಲ್ದಂಗ, ಪ್ರಾಕ್ಟಿಕಲ್ ಟ್ರೇನಿಂಗ್ ಮಾಡ್ಬೇಕು. ಅವ್ರು ಕಲಿಯಾಕ ಬಂದವ್ರು, ಪುಕ್ಕಟೆ ಆಳಲ್ಲ. ಚೀಟಿ ಓದೋದು, ಡೋಸ್ ಲೆಕ್ಕ, ರಿಜಿಸ್ಟರ್, ಪೇಷಂಟ್ ಜೋಡಿ ಮಾತಾಡೋದು ಇವನ್ನ ಕಲಿಸ್ರಿ. ಟ್ರೇನಿಂಗ್‌ಗೆ ಬರ್ದೇ ಇದ್ದವ್ರಿಗೆ ತಾಸು ಬರ್ದು ಸಹಿ ಮಾಡಿ ಕೊಡೋದಂತೂ ಬ್ಯಾಡ, ಆ ಸಹಿ ಮ್ಯಾಲ ಅವ ನಾಳೆ ಒಂದು ಅಂಗಡಿ ತೆಗೀತಾನ.

ಕಲಿಸಿದ ಮ್ಯಾಲ ಬಿಟ್ಟು ಹೋಗ್ತಾರಲ್ರಿ, ಏನ್ ಮಾಡೋದು?

ಹೋಗ್ತಾರ. ವಯಸ್ಸಿನ ಹುಡುಗರು, ಮುಂದ ಬರ್ಬೇಕಲ್ಲ. ಸೈನ್ಸ್ ಪಿಯುಸಿ ಪಾಸಾದ ಹುಡುಗ ಇದ್ರ ನಾನೇ ಡಿ.ಫಾರ್ಮ್ ಅರ್ಜಿ ಹಾಕು ಅಂತೀನಿ. ಹೋಗುವಾಗ ಒಂದು ತಿಂಗಳು ಮೊದ್ಲು ಹೇಳು ಅಂತ ನೇಮಕಾತಿ ಪತ್ರದಾಗೇ ಬರ್ದಿರ್ತೀನಿ, ಆ ತಿಂಗಳಾಗ ಹೊಸಬಗ ಅವನೇ ಕಲಿಸ್ತಾನ. ಕಡೀ ದಿನ ಬಾಕಿ ಪಗಾರ ಪೂರ್ತಿ ಕೊಡ್ರಿ, ಎಷ್ಟು ವರ್ಷ ಏನೇನು ಕೆಲಸ ಮಾಡ್ದ ಅಂತ ಲೆಟರ್‌ಹೆಡ್ ಮ್ಯಾಲ ಬರ್ದು ಕೊಡ್ರಿ. ಶಟರ್ ಬೀಗದ ಕೈ ವಾಪಸ್ ಇಸ್ಕೋರಿ, ಬಿಲ್ಲಿಂಗ್ ಲಾಗಿನ್ ಅವತ್ತೇ ತೆಗೀರಿ, ಸ್ಟಾಕಿಸ್ಟ್‌ಗಳಿಗೆ ಫೋನ್ ಮಾಡಿ ಇನ್ಮುಂದ ಮಾಲ್ ಯಾರ ಸಹಿ ಮ್ಯಾಲ ಕೊಡ್ಬೇಕು ಅಂತ ಹೇಳ್ರಿ.